ಗಸಗಸೆ ಕಿತ್ತು ಗಡುವು ಬಿತ್ತಿದವರು

ಥಾಯ್ಲೆಂಡ್, ಲಾವೋಸ್, ಮ್ಯಾನ್ಮಾರ್ ಗಡಿಗಳು ಕೂಡುವ ಸುವರ್ಣ ತ್ರಿಕೋನದಲ್ಲಿ ಎರಡು ಬೆಳೆ ಹುಲುಸಾಗಿ ಬರುತ್ತವೆ. ಒಂದು ಅಫೀಮು, ಇನ್ನೊಂದು ಅಫೀಮನ್ನು ಮುಗಿಸುವ ಗಡುವು. ಅಫೀಮಿಗೆ ಗುಡ್ಡದ ಚಳಿ ಬೇಕು. ಗಡುವಿಗೆ ಪಂಚತಾರಾ ಹೋಟೆಲಿನ ಎ.ಸಿ. ಸಾಕು.

ಈ ಎರಡನೆಯ ಬೆಳೆಯ ಬಿತ್ತನೆ ಲೆಕ್ಕ ನೋಡಿ. 1998ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ವಿಶೇಷ ಅಧಿವೇಶನ ನಡೆಸಿ, 2008ರೊಳಗೆ ಗಸಗಸೆ, ಕೋಕಾ, ಗಾಂಜಾಗಳ ಅಕ್ರಮ ಬೇಸಾಯವನ್ನು ತೊಡೆದುಹಾಕುತ್ತೇವೆ ಎಂದಿತು. ಆಗದಿದ್ದರೆ ಗಣನೀಯವಾಗಿ ತಗ್ಗಿಸುತ್ತೇವೆ ಎಂಬ ಹಿಂಬಾಗಿಲನ್ನೂ ಇಟ್ಟುಕೊಂಡಿತು. 2009ರಲ್ಲಿ ವಿಶ್ವಸಂಸ್ಥೆ ಮತ್ತೆ ಕೂತು, ಕಣ್ಣು ಮಿಟುಕಿಸದೆ 2019 ಎಂದು ಬರೆದುಕೊಂಡಿತು. ಅದೇ 1998ರಲ್ಲಿ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು 2020ರ ಹೊತ್ತಿಗೆ ನಮ್ಮ ಪ್ರದೇಶ ಮಾದಕವಸ್ತು ಮುಕ್ತ ಎಂದು ಘೋಷಿಸಿದವು. ಎರಡೇ ವರ್ಷಕ್ಕೆ ಹುಮ್ಮಸ್ಸು ಉಕ್ಕಿ, ಇಪ್ಪತ್ತು ಯಾಕೆ, ಹದಿನೈದಕ್ಕೇ ಮುಗಿಸಿಬಿಡೋಣ ಎಂದು ಗಡುವನ್ನು 2015ಕ್ಕೆ ಎಳೆದವು. ಬೆಂಗಳೂರಿನ ಮೇಲ್ಸೇತುವೆಗಳ ಗಡುವು ಮುಂದಕ್ಕೆ ಹೋಗುವುದನ್ನು ಮಾತ್ರ ಕಂಡ ನಮಗೆ, ಗಡುವು ಹಿಂದಕ್ಕೂ ಬರಬಲ್ಲದು ಎಂಬುದೇ ಒಂದು ಪವಾಡ.

ಮ್ಯಾನ್ಮಾರ್ ತನ್ನ ಪಾಲಿಗೆ 1999ರಲ್ಲಿ ಹದಿನೈದು ವರ್ಷದ ಯೋಜನೆ ಹೂಡಿತು. ಗಸಗಸೆ ಬೆಳೆದ ನೆಲ 2006ರಲ್ಲಿ 21,500 ಹೆಕ್ಟೇರಿಗೆ ಇಳಿಯಿತು, ಭಾಷಣಗಳು ಏರಿದವು. 2013ರಲ್ಲಿ ಅದೇ ನೆಲ 57,800 ಹೆಕ್ಟೇರಾಯಿತು. ಯೋಜನೆಯ ಅವಧಿ ಮುಗಿದಾಗ ಬೆಳೆ ಮುಗಿದಿರಲಿಲ್ಲ, ಆದ್ದರಿಂದ ಅವಧಿಯನ್ನೇ 2019ರ ತನಕ ಬೆಳೆಸಿದರು. 2015 ಬಂತು, ಹೋಯಿತು. ಆಸಿಯಾನ್ 2016ರಲ್ಲಿ 2025ರವರೆಗಿನ ಹೊಸ ಕಾರ್ಯಯೋಜನೆ ಹೊರಡಿಸಿತು.

ಈಗ ಮ್ಯಾನ್ಮಾರಿನ ಶಾನ್ ರಾಜ್ಯದ ಗುಡ್ಡ ಹತ್ತೋಣ. ಅಲ್ಲಿನ ರೈತನ ಮನೆಗೆ ಇಬ್ಬರು ಬರುತ್ತಾರೆ. ಒಬ್ಬ ಗಸಗಸೆಗೆ ಬದಲಿ ಬೆಳೆ ಹಿಡಿಸುವ ಪರ್ಯಾಯ ಅಭಿವೃದ್ಧಿ ಅಧಿಕಾರಿ, ಇನ್ನೊಬ್ಬ ಅಫೀಮು ದಲ್ಲಾಳಿ. ಅಧಿಕಾರಿ ಬರುವುದು ರಸ್ತೆ ಇದ್ದರೆ. ದಲ್ಲಾಳಿಗೆ ಕಾಲುದಾರಿ ಸಾಕು. ಮಳೆಗಾಲದಲ್ಲಿ ಮನೆಯ ಅಕ್ಕಿ ತೀರಿದಾಗ ದಲ್ಲಾಳಿ ಮುಂಗಡ ಕೊಡುತ್ತಾನೆ, ಪಹಣಿ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ. ಗಸಗಸೆಯ ಕಾಯಿ ಗೀರಿ ಕೆರೆದ ಅಫೀಮಿನ ಅಂಟನ್ನು ಬಾಗಿಲಲ್ಲೇ ತೂಗಿ ಕೊಳ್ಳುತ್ತಾನೆ. ಆ ಅಂಟು ಕೊಳೆಯುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದ ದಿನ ಒಂದು ಉಂಡೆ ಮಾರಿದರೆ ಆಯಿತು. ಬ್ಯಾಂಕು, ಆಸ್ಪತ್ರೆ ಎರಡೂ ಇಲ್ಲದ ಊರಿನಲ್ಲಿ ಅದೇ ಉಳಿತಾಯ ಖಾತೆ, ಅದೇ ನೋವಿನ ಔಷಧಿ. ಸಾಲ, ಖಾತ್ರಿ ಮಾರುಕಟ್ಟೆ, ಮನೆಬಾಗಿಲ ಸೇವೆ ಎಂದು ನಮ್ಮ ಕೃಷಿ ಇಲಾಖೆಗಳು ಪ್ರಣಾಳಿಕೆಯಲ್ಲಿ ಬರೆಯುವುದನ್ನೆಲ್ಲ ಈ ಪುಣ್ಯಾತ್ಮ ಸದ್ದಿಲ್ಲದೆ ಜಾರಿಗೆ ತಂದಿದ್ದಾನೆ.

ಅಧಿಕಾರಿ ತರುವುದು ಕಾಫಿ ಗಿಡ. ಒಳ್ಳೆಯ ಗಿಡವೇ, ಅದರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಇದರ ಕಥೆಯನ್ನು ಚಿಕ್ಕಮಗಳೂರು, ಕೊಡಗಿನವರಿಗೆ ಬಿಡಿಸಿ ಹೇಳಬೇಕೆ? ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ. ಹೂಮಳೆ ಕೈಕೊಟ್ಟರೆ ಆ ವರ್ಷ ಹೋಯಿತು. ಬಿಳಿ ಕಾಂಡಕೊರಕ ಹೊಕ್ಕರೆ ಗಿಡವೇ ಹೋಯಿತು. ಇದನ್ನೆಲ್ಲ ದಾಟಿ ಕಣದಲ್ಲಿ ಒಣಗಿಸಿದ ಬೀಜಕ್ಕೆ ರೇಟು ಕಟ್ಟುವುದು ಲಂಡನ್ನು, ನ್ಯೂಯಾರ್ಕು. ಕಾಫಿ ಬೋರ್ಡು, ಕ್ಯೂರಿಂಗ್ ವರ್ಕ್ಸು, ಬ್ಯಾಂಕ್ ಸಾಲ, ಡಾಂಬರು ರಸ್ತೆ ಎಲ್ಲ ಇದ್ದ ನಮ್ಮ ಬೆಳೆಗಾರರೇ ಈ ಶತಮಾನದ ಆರಂಭದಲ್ಲಿ ದರ ಕುಸಿದಾಗ ತತ್ತರಿಸಿದರು. ಇವೊಂದೂ ಇಲ್ಲದ ಗುಡ್ಡದ ರೈತನಿಗೆ ಹೇಳುವುದು: ಈ ವರ್ಷದ ಗಸಗಸೆ ಈಗಲೇ ಕಿತ್ತುಹಾಕು, ನಾಲ್ಕನೆಯ ವರ್ಷ ಕಾಫಿ ಬರುತ್ತದೆ. ನಡುವಿನ ಮೂರು ವರ್ಷ ಏನು ತಿನ್ನಬೇಕೆಂಬುದು ಅಜೆಂಡಾದಲ್ಲಿ ಇರುವುದಿಲ್ಲ.

ಗೆದ್ದ ಉದಾಹರಣೆ ಇಲ್ಲವೇ? ಇದೆ, ಥಾಯ್ಲೆಂಡಿನಲ್ಲಿ. 1959ರ ತನಕ ಅಲ್ಲಿನ ಸರ್ಕಾರದ್ದೇ ಅಫೀಮು ಏಕಸ್ವಾಮ್ಯವಿತ್ತು, ಅದು ಬೇರೆ ಮಾತು. 1969ರಲ್ಲಿ ದೊರೆ ಭೂಮಿಬೋಲ್ ರಾಯಲ್ ಪ್ರಾಜೆಕ್ಟ್ ಶುರುಮಾಡಿದರು. 1988ರಲ್ಲಿ ರಾಜಮಾತೆ ದೊಯಿ ತುಂಗ್ ಬೆಟ್ಟವನ್ನು ಕೈಗೆತ್ತಿಕೊಂಡರು. ಇಲ್ಲಿ ಗಮನಿಸಬೇಕಾದ ಸಂಗತಿ, ಸರ್ಕಾರ ಗಸಗಸೆ ಕೀಳಲು ಕೈಹಾಕಿದ್ದು 1984ರ ಸುಮಾರಿಗೆ. ಮೊದಲ ಹದಿನೈದು ವರ್ಷ ರಸ್ತೆ, ಶಾಲೆ, ಸಂಶೋಧನಾ ತೋಟ, ಕೊಳ್ಳುವವರು, ಇವೇ ಕೆಲಸ. ಒಟ್ಟು ಮೂವತ್ತು ವರ್ಷ ಹಿಡಿಯಿತು. ಈಗ ದೊಯಿ ತುಂಗ್‌ಗೆ ನಿಯೋಗಗಳು ಸಾಲುಸಾಲಾಗಿ ಹೋಗುತ್ತವೆ, ಕಾಫಿ ಕುಡಿಯುತ್ತವೆ, ಮೆಕಡೇಮಿಯ ಪೊಟ್ಟಣ ಕಟ್ಟಿಸಿಕೊಳ್ಳುತ್ತವೆ, ಹೂದೋಟದಲ್ಲಿ ಫೋಟೊ ತೆಗೆಸಿಕೊಳ್ಳುತ್ತವೆ. ಊರಿಗೆ ಮರಳಿದ ಮೇಲೆ ಆ ಹದಿನೈದು ವರ್ಷ ಮರೆತು, ಕೀಳುವುದೊಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತವೆ.

ಥಾಯ್ ಗುಡ್ಡದಿಂದ ಹೋದ ಗಸಗಸೆ ಎಲ್ಲಿ ಹೋಯಿತು? ಗಡಿಯಾಚೆ. ನಮ್ಮ ಅಂಗಳ ಗುಡಿಸಿ ಕಸವನ್ನು ಪಕ್ಕದ ಮನೆಯವರ ಅಂಗಳಕ್ಕೆ ತಳ್ಳಿದರೆ ನಮ್ಮನೆ ಚೊಕ್ಕಟ, ಪಕ್ಕದವರಿಗೆ ಶುಚಿತ್ವದ ಪಾಠ ಬೇಕಾಗುತ್ತದೆ. ಆ ಪಾಠಕ್ಕೆ ಪ್ರಾದೇಶಿಕ ಸಹಕಾರ ಎಂದು ಹೆಸರು. 2022ರ ಏಪ್ರಿಲಿನಲ್ಲಿ ತಾಲಿಬಾನ್ ಈ ಗುಡಿಸುವ ಕೆಲಸವನ್ನೇ ಇನ್ನೂ ಸರಳಗೊಳಿಸಿತು. ಸಭೆಯಿಲ್ಲ, ಕಾಫಿ ಗಿಡವಿಲ್ಲ, ಒಂದು ಫರ್ಮಾನು. ಮರುವರ್ಷ ಅಫ್ಘಾನಿಸ್ತಾನದ ಅಫೀಮು ಶೇಕಡಾ 95ರಷ್ಟು ಬಿತ್ತು, ರೈತರ ಹೊಟ್ಟೆಯೂ ಅದರ ಜೊತೆಗೇ ಬಿತ್ತು. 2021ರ ಸೇನಾ ದಂಗೆಯ ನಂತರ ಹಳ್ಳಿಗಳು ಉರಿಯುತ್ತಿದ್ದ ಮ್ಯಾನ್ಮಾರ್ 2023ರಲ್ಲಿ ಅಂದಾಜು 1,080 ಟನ್ ಅಫೀಮು ಬೆಳೆದು ಜಗತ್ತಿಗೇ ಮೊದಲ ಸ್ಥಾನ ಪಡೆಯಿತು. ಯಾವ ನಿಯೋಗವೂ ಅಭಿನಂದಿಸಲಿಲ್ಲ.

ಚೀನಾದ್ದು ಬೇರೆಯೇ ಜಾಣತನ. ಅದರ ಗಡಿಗಂಟಿದ ಶಾನ್ ರಾಜ್ಯದ ಕೊಕಾಂಗ್ 2003ರಲ್ಲಿ, ವಾ ಪ್ರದೇಶ 2005ರಲ್ಲಿ ಅಫೀಮು ನಿಷೇಧಿಸಿದವು. ಗುಡ್ಡದ ಜನ ಉಪವಾಸ ಬಿದ್ದರು. ಆಗ ಚೀನಾ ಸರ್ಕಾರ, ಗಡಿಯಾಚೆ ಬದಲಿ ಬೆಳೆ ಹಾಕುವ ತನ್ನ ಕಂಪನಿಗಳಿಗೆ ಸಹಾಯಧನ, ತೆರಿಗೆ ರಿಯಾಯಿತಿ ಕೊಟ್ಟಿತು. ಕಂಪನಿಗಳು ಮ್ಯಾನ್ಮಾರಿನಲ್ಲಿ, ಲಾವೋಸಿನಲ್ಲಿ ರಬ್ಬರ್ ಹಾಕಿದವು, ಅದರಲ್ಲಿ ಬಹಳಷ್ಟು ಅಫೀಮನ್ನೇ ಬೆಳೆಯದಿದ್ದ ತಗ್ಗಿನ ನೆಲದಲ್ಲಿ. ನಿನ್ನೆಯ ತನಕ ಸ್ವಂತ ಹೊಲ ಉಳುತ್ತಿದ್ದವರು ಅದೇ ಹೊಲದಲ್ಲಿ ಕೂಲಿಗೆ ನಿಂತರು. ಪರ್ಯಾಯವೂ ಬಂತು, ಅಭಿವೃದ್ಧಿಯೂ ಆಯಿತು, ಇವೆರಡೂ ರೈತನ ಮನೆಗೆ ಬರಲಿಲ್ಲ ಅಷ್ಟೆ. ಚೀನಾ ಗಡಿಯ ಮೊಂಗ್‌ಲಾ ಪಟ್ಟಣದ ದಂಡನಾಯಕರು 1997ರಲ್ಲೇ ತಮ್ಮ ಪ್ರದೇಶ ಅಫೀಮು ಮುಕ್ತ ಎಂದು ಸಾರಿದ್ದರು. ನೆನಪಿಗೊಂದು ಅಫೀಮು ಮ್ಯೂಸಿಯಂ ಕಟ್ಟಿಸಿ, ಸುತ್ತ ಕ್ಯಾಸಿನೊ ತೆರೆದರು.

ನಿಜವಾಗಿ ಪರ್ಯಾಯ ಅಭಿವೃದ್ಧಿ ಕೈಹಿಡಿದದ್ದು ದೊಡ್ಡವರನ್ನು. ಶಾನ್ ಗುಡ್ಡಗಳ ಅಫೀಮು ದೊರೆ ಖುನ್ ಸಾ ಎಪ್ಪತ್ತರ ದಶಕದಲ್ಲಿ, ಅಫೀಮನ್ನೆಲ್ಲ ನೀವೇ ಕೊಂಡುಬಿಡಿ ಎಂದು ಅಮೆರಿಕಕ್ಕೆ ಹೇಳಿಕಳುಹಿಸಿದ್ದ. ಅಮೆರಿಕ ಒಪ್ಪಲಿಲ್ಲ. 1996ರಲ್ಲಿ ಮ್ಯಾನ್ಮಾರ್ ಸೇನೆಗೆ ಶರಣಾದ ಆತ ಜೈಲು ಕಾಣದೆ ಯಾಂಗೊನ್‌ನಲ್ಲಿ ಸುಖವಾಗಿದ್ದು 2007ರಲ್ಲಿ ತೀರಿಕೊಂಡ. ಅವನಿಗಿಂತ ಹಿಂದಿನ ಅಫೀಮು ದೊರೆ ಲೊ ಶಿಂಗ್ ಹಾನ್ ಏಷ್ಯಾ ವರ್ಲ್ಡ್ ಎಂಬ ಕಂಪನಿ ತೆಗೆದು ರಸ್ತೆ, ಬಂದರು ಕಟ್ಟಿಸಿದ. ಯಾರೂ ಇವರ ಕೈಗೆ ಕಾಫಿ ಸಸಿ ಕೊಟ್ಟು ನಾಲ್ಕು ವರ್ಷ ಕಾಯಿರಿ ಎನ್ನಲಿಲ್ಲ.

ಅಂದಹಾಗೆ ಇದೇ ಗಸಗಸೆಯನ್ನು ನಮ್ಮ ಮಧ್ಯಪ್ರದೇಶದ ಮಂದಸೌರಿನ ರೈತ ಸರ್ಕಾರಿ ಪರವಾನಗಿ ಹಿಡಿದು ಬೆಳೆಯುತ್ತಾನೆ. ನೀಮಚ್, ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಅಂಟು ಹೋಗುತ್ತದೆ, ಮಾರ್ಫೀನ್ ಆಗುತ್ತದೆ. ಗಾಜಿಪುರದ ಕಾರ್ಖಾನೆ ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು, ಚೀನಾದವರನ್ನು ಅಫೀಮಿನ ಗುಂಗಿಗೆ ಹಚ್ಚಿದ ಕಾಲದ್ದು. ಪ್ರಾದೇಶಿಕ ಸಹಕಾರ ಎಂದರೆ ಅದು, ಗಂಗೆಯ ಬಯಲು ಬೆಳೆಯಿತು, ಲಂಡನ್ ಎಣಿಸಿತು, ಕ್ಯಾಂಟನ್ ಸೇದಿತು.

ಅಷ್ಟು ಚೊಕ್ಕ ಸಹಕಾರ ಈಗಲೂ ಇದೆ, ಸಭಾಂಗಣದಲ್ಲಿ ಹುಡುಕಬಾರದು ಅಷ್ಟೆ. ಶಾನ್ ಕಾಡಿನ ಲ್ಯಾಬುಗಳಿಗೆ ರಾಸಾಯನಿಕ ಹೊರದೇಶಗಳಿಂದ ಬರುತ್ತದೆ, ಅಲ್ಲಿ ಮೆಥಾಂಫೆಟಮಿನ್ ಕುದಿಯುತ್ತದೆ, ಲಾವೋಸ್, ಥಾಯ್ಲೆಂಡ್ ಮೇಲೆ ಹಾದು ಸಮುದ್ರ ದಾಟಿ ಆಸ್ಟ್ರೇಲಿಯ, ಜಪಾನ್ ಮುಟ್ಟುತ್ತದೆ. 2023ರಲ್ಲಿ ಪೂರ್ವ, ಆಗ್ನೇಯ ಏಷ್ಯಾದಲ್ಲಿ ಸಿಕ್ಕಿಬಿದ್ದದ್ದೇ 190 ಟನ್. ಸಿಗದಿದ್ದುದರ ಲೆಕ್ಕ ಮಾರುವವರಿಗೆ ಗೊತ್ತು. ಭಾಷೆ, ಧರ್ಮ, ವೀಸಾ ಯಾವುದೂ ಅವರಿಗೆ ಅಡ್ಡಬರಲಿಲ್ಲ. ಗಸಗಸೆಗೆ ಬದಲಿ ಬೆಳೆ ಬೇಕು ಎಂದು ವರ್ಷಗಟ್ಟಲೆ ಕೂಗಿದಿರಲ್ಲ, ಇಗೋ ಬಂದಿದೆ. ಮಳೆ ಬೇಡ, ಗುಡ್ಡ ಬೇಡ, ಗೀರಿ ಕೆರೆಯುವ ಆಳೂ ಬೇಡ. ರೈತನೇ ಬೇಡ.

ಪ್ರತಿ ವರ್ಷ ಮಾದಕವಸ್ತು ವಿರೋಧಿ ದಿನವಾದ ಜೂನ್ 26ಕ್ಕೆ ಮ್ಯಾನ್ಮಾರಿನ ಅಧಿಕಾರಿಗಳು ಹಿಡಿದ ಮಾಲನ್ನು ರಾಶಿ ಹಾಕಿ ಸುಡುತ್ತಾರೆ, ಪತ್ರಕರ್ತರು ಹೊಗೆಯ ಫೋಟೊ ತೆಗೆಯುತ್ತಾರೆ. ಇನ್ನೊಂದು ಕಡೆ, ದಕ್ಷಿಣ ಶಾನ್‌ನಲ್ಲಿ ಗ್ರೀನ್ ಗೋಲ್ಡ್ ಎಂಬ ರೈತರ ಸಹಕಾರ ಸಂಘ ಗಸಗಸೆ ಬಿಟ್ಟು ಕಾಫಿ ಬೆಳೆದು ಫ್ರಾನ್ಸಿಗೆ ಮಾರಿದೆ. ಅಲ್ಲಿ ಕೊಳ್ಳುವವನು ಮೊದಲೇ ಗೊತ್ತಿದ್ದ, ಆದ್ದರಿಂದ ನಡೆಯಿತು. ಹೊಗೆಗೆ ಕರೆಯುವಷ್ಟು ಅತಿಥಿಗಳನ್ನು ಅದಕ್ಕೆ ಕರೆಯುವುದಿಲ್ಲ. ಕಾಫಿ ಸಸಿ ಫೋಟೊದಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ ನೋಡಿ.

ಆದ್ದರಿಂದ ಮುಂದಿನ ಗಡುವು ಬಿತ್ತುವವರಿಗೆ ನನ್ನದೊಂದು ಬಿನ್ನಹ. ಸಭೆಗೆ ಸಂಪನ್ಮೂಲ ವ್ಯಕ್ತಿಯಾಗಿ ಆ ಶಾನ್ ದಲ್ಲಾಳಿಯನ್ನೇ ಕರೆಸಿ. ಗುಡ್ಡದ ಪ್ರತಿ ಮನೆಯ ಸಾಲ, ಮಗಳ ಮದುವೆ, ಅಕ್ಕಿ ಮುಗಿಯುವ ತಿಂಗಳು ಅವನಿಗೆ ಬಾಯಿಪಾಠ. ಪವರ್‌ಪಾಯಿಂಟ್ ಬೇಡ. ಟಿಎ, ಡಿಎ ಕೇಳುವವನಲ್ಲ. ಸಭೆಯಲ್ಲಿ ಯಾರಾದರೂ ಕೈ ಬಿಗಿಯಾಗಿದೆ ಎಂದರೆ, ಅಲ್ಲೇ ಮುಂಗಡ ಕೊಟ್ಟರೂ ಕೊಟ್ಟಾನು.