ಮೀನಿಗೊಂದು ಮಂಟಪ

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ನೀರೇ ಕಾಲು ಟನ್. ಗಾಜು, ಜಲ್ಲಿ, ಪ್ಲಾಸ್ಟಿಕ್ ಕೋಟೆ ಸೇರಿದರೆ 300 ಕಿಲೋ ದಾಟುತ್ತದೆ. ಮೀನಿನ ತೂಕ ಲೆಕ್ಕಕ್ಕಿಲ್ಲ. ಸ್ಟ್ಯಾಂಡಿನ ಅಳತೆ ಕೇಳಿದ ಬಡಗಿ "ಸಾಕೋದು ಮೀನಾ ಸಾರ್, ಆನೆನಾ?" ಎಂದರೆ ಮನೆಯ ಯಜಮಾನ ಮುನಿಯುವಂತಿಲ್ಲ.

ಭಾರ ನೇರವಾಗಿ ಕಾಲುಗಳ ಮೇಲೆ ಇಳಿಯಬೇಕು, ಸ್ಕ್ರೂಗಳ ಮೇಲಲ್ಲ. ಎಂಡಿಎಫ್ ಹಲಗೆ ನೀರು ಕುಡಿದು ಊದಿಕೊಳ್ಳುವುದರಿಂದ ಮೆರೈನ್ ಪ್ಲೈವುಡ್ಡೇ ಲೇಸು. ತೊಟ್ಟಿಯಡಿ ಹಾಸಿದ ಥರ್ಮಾಕೋಲ್ ಹಲಗೆಯ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ನುಂಗಿಕೊಳ್ಳುತ್ತದೆ. ನೆಲದ ಓರೆಯನ್ನು ನುಂಗುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ರಸಮಟ್ಟ ಇಟ್ಟು ನೋಡುವುದು ಕಡ್ಡಾಯ. ಇಲ್ಲವಾದರೆ ನೀರು ಒಂದು ಬದಿಗೆ ಏರಿ ನಿಂತು, ಗೃಹಪ್ರವೇಶದಂದು ಯಾರಿಗೂ ಕಾಣದ ಲೋಪವನ್ನು ಬಂದ ನೆಂಟರಿಗೆಲ್ಲ ತೋರಿಸಿಕೊಡುತ್ತದೆ.

ಮೇಲಿನ ಮಾಡು ದೀಪವನ್ನು ಮರೆಮಾಡುತ್ತದೆ, ಜಿಗಿಯುವ ಮೀನನ್ನು ತಡೆಯುತ್ತದೆ. ಹಿಂಬದಿಯಲ್ಲಿ ಗಾಳಿಗೂ ವೈರುಗಳಿಗೂ ಕಿಂಡಿ ಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಿದರೆ ಹನಿ ನೆಲಕ್ಕೆ ಬೀಳುತ್ತದೆ, ಕರೆಂಟಿನ ತಂಟೆಗೆ ಹೋಗುವುದಿಲ್ಲ. ಮುಚ್ಚಳ ಪೂರ್ತಿ ತೆರೆಯಲು ಮೇಲೆ ಜಾಗವಿದೆಯೇ ಎಂಬುದು ಮಾತ್ರ, ಗೋಡೆಯ ದೇವರ ಪಟಕ್ಕೆ ಅದು ಬಡಿದ ಮೇಲೆಯೇ ಎಲ್ಲರಿಗೂ ಹೊಳೆಯುವ ಪ್ರಶ್ನೆ.

ಕೆಳಗಿನ ಕಪಾಟು ಶಾಸ್ತ್ರಪ್ರಕಾರ ಫಿಲ್ಟರಿಗೆ, ಮೀನಿನ ಆಹಾರಕ್ಕೆ ಮೀಸಲು. ಹಳೆಯ ಪೇಪರು, ಶೂ ಪಾಲಿಷ್, ವಾರಸುದಾರರಿಲ್ಲದ ಕೀಲಿಗಳು ಮೊದಲ ವಾರದಲ್ಲೇ ಅಲ್ಲಿ ಒಕ್ಕಲಾಗುತ್ತವೆ. ಮೀನಿನ ಆಹಾರ ಫ್ರಿಜ್ಜಿನ ತಲೆಯ ಮೇಲಿರುತ್ತದೆ.