ಕೆಂಪು ಕಾರ್ಡೂ ನಿಕಾಲಿಯಾಗದ ಪಂದ್ಯವೂ: ಚಿಕ್ಕೋಡಿ ಸೀಮೆಯ ಚಹಾದಂಗಡಿ ಮೀಮಾಂಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚಕ್ಷೇತ್ರಗಳಲ್ಲಿ ಕುಸ್ತಿಯ ಬಗೆಗೂ ಕಬ್ಬಿನ ಬಾಕಿಯ ಬಗೆಗೂ ಹೇರಳ ಚಿಂತನೆ ನಡೆದಿದೆ. ಆದರೆ ‘ಪರಊರಿನಲ್ಲಿ ಕೆಂಪು ಕಾರ್ಡಿನ ತರುವಾಯದ ಡ್ರಾ’ ಎಂಬ ಗಹನ ವಿಷಯವನ್ನು ವಿದ್ವತ್‌ ಲೋಕ ಇಂದಿನವರೆಗೆ ಕಡೆಗಣಿಸಿದೆ. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮೂಲಪಠ್ಯ: 2023ರ ಜೂನ್ 27ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ–ಕುವೈತ್ ಪಂದ್ಯ. ಭಾಷ್ಯಕಾರರು: ಚಹಾದಂಗಡಿಯ ಬೆಂಚಿನ ಮೇಲೆ ಜಾಗ ಸಿಕ್ಕವರೆಲ್ಲರೂ.

1. ಕ್ಷೇತ್ರನಿರ್ಣಯ

ಸ್ವಂತ ರಾಜ್ಯದ ರಾಜಧಾನಿಯಲ್ಲಿ ಆಡಿದ ಪಂದ್ಯ ಪರಊರಿನ ಪಂದ್ಯ ಹೇಗಾದೀತು ಎಂಬುದು ಪೂರ್ವಪಕ್ಷ. ಭೂಗೋಳವೇ ಇದಕ್ಕೆ ಉತ್ತರ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ.; ಬೆಂಗಳೂರು 550 ಕಿ.ಮೀ.ಗೂ ಆಚೆ. ಹತ್ತಿರದ ಫುಟ್‌ಬಾಲ್ ಪೀಠವೂ ಕೊಲ್ಹಾಪುರವೇ. ಅಲ್ಲಿನ ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮುಗಳು ಹೆಸರಿನಲ್ಲಿ ಗರಡಿಮನೆ, ಮೈದಾನದಲ್ಲಿ ಫುಟ್‌ಬಾಲ್ ತಂಡ. ಇನ್ನು ತಮ್ಮ ಊರಿನ ಹೆಸರು ಹೊತ್ತ ‘ಚಿಕ್ಕೋಡಿ ರೋಡ್’ ರೈಲು ನಿಲ್ದಾಣ ಮುಟ್ಟಲಿಕ್ಕೇ ಬಸ್ಸು ಹತ್ತಬೇಕಾದ ಜನರಿಗೆ ಪರಊರು ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ.

2. ಪಠ್ಯಪರಿಚಯ

ಮೊದಲಾರ್ಧದ ಹೆಚ್ಚುವರಿ ಸಮಯದಲ್ಲಿ ಅನಿರುದ್ಧ ಥಾಪಾ ಕಾರ್ನರ್ ಒದ್ದರು. ಸುನಿಲ್ ಛೆಟ್ರಿ ಚೆಂಡು ನೆಲ ಮುಟ್ಟುವ ಮುನ್ನವೇ ಬಾರಿಸಿ ಗೋಲಾಗಿಸಿದರು. ಅದು ಅವರ 92ನೇ ಅಂತರರಾಷ್ಟ್ರೀಯ ಗೋಲು. 81ನೇ ನಿಮಿಷದಲ್ಲಿ ಎರಡನೇ ಹಳದಿ ಕಾರ್ಡು ಪಡೆದು ಮೈದಾನ ಬಿಟ್ಟವರು ಆಟಗಾರರಲ್ಲ, ಭಾರತದ ಕೋಚ್ ಇಗೊರ್ ಸ್ಟಿಮಾಚ್. ಪಾಕಿಸ್ತಾನದ ವಿರುದ್ಧ 4–0ಯಿಂದ ಗೆದ್ದ ಜೂನ್ 21ರ ಪಂದ್ಯದಲ್ಲೂ, ಥ್ರೋ ಎಸೆಯಲು ಹೊರಟ ಎದುರಾಳಿಯ ಕೈಯಿಂದ ಚೆಂಡು ಕೆಡವಿ ಅವರು ಕೆಂಪು ಕಾರ್ಡು ಕಂಡಿದ್ದರು. 90ನೇ ನಿಮಿಷದ ಸುಮಾರಿಗೆ ಕುವೈತಿನ ಹಮದ್ ಅಲ್ ಕಲ್ಲಾಫ್ ನಮ್ಮ ಸಹಲ್ ಅಬ್ದುಲ್ ಸಮದ್‌ರನ್ನು ನೂಕಿದರು. ರಹೀಂ ಅಲಿ ಓಡಿಬಂದು ಕಲ್ಲಾಫ್‌ರನ್ನು ನೆಲಕ್ಕೆ ಕೆಡವಿದರು. ಇಬ್ಬರಿಗೂ ಕೆಂಪು. ಎರಡು ನಿಮಿಷದಲ್ಲಿ ಬಲಬದಿಯಿಂದ ಬಂದ ಕ್ರಾಸನ್ನು ತಡೆಯಹೋದ ಅನ್ವರ್ ಅಲಿ ಕಾಲಿಗೆ ತಗುಲಿ ಚೆಂಡು ನಮ್ಮದೇ ಬಲೆ ಸೇರಿತು. 1–1.

ಅದಕ್ಕೂ ಹಿಂದಿನ ಎಂಟು ಪಂದ್ಯಗಳಲ್ಲಿ ಭಾರತ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಒಂಬತ್ತನೆಯದರಲ್ಲಿ ಕೊಟ್ಟಿತು, ಅದೂ ಸ್ವಹಸ್ತದಿಂದ. ಸ್ವಪಾದದಿಂದ ಎಂಬ ಪಾಠಾಂತರವೂ ಉಂಟು.

3. ನಾಲ್ಕು ಪಂಥಗಳು

ನಿಪ್ಪಾಣಿಯ ಕಾರ್ಡು ಪಂಥಕ್ಕೆ ಎಲ್ಲ ಅನಿಷ್ಟದ ಮೂಲ ರೆಫ್ರಿಯ ಕಿಸೆ. ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್ 1966ರ ವಿಶ್ವಕಪ್ಪಿನ ಬಳಿಕ ಸಂಚಾರ ದೀಪ ನೋಡಿ ಹಳದಿ–ಕೆಂಪು ಕಾರ್ಡುಗಳನ್ನು ಕಲ್ಪಿಸಿದ್ದೂ, 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಅವು ಚಾಲ್ತಿಗೆ ಬಂದದ್ದೂ ಈ ಪಂಥದವರಿಗೆ ಕಂಠಪಾಠ. “ಹತ್ತ ಮಂದಿ ಮ್ಯಾಗ ಹೆಂಗ ಆಡಬೇಕೋ ದೋಸ್ತ?” ಎಂಬುದು ಇವರ ಮಹಾವಾಕ್ಯ.

ರಾಯಬಾಗದ ಹತ್ತು–ಹತ್ತು ಪಂಥ ಇದನ್ನು ಒಂದೇ ಏಟಿಗೆ ಖಂಡಿಸುತ್ತದೆ: “ಕಾಕಾ, ಅವರೂ ಹತ್ತ ಮಂದೀನ ಇದ್ರಲ್ರಿ!” ಈ ಪ್ರಶ್ನೆ ಬಂದಾಗಲೆಲ್ಲ ಕಾರ್ಡು ಪಂಥದ ಹಿರಿಯರು ಇನ್ನೊಂದು ಚಾ ಹೇಳುತ್ತಾರೆ. ಚಾ ಬರುವಷ್ಟರಲ್ಲಿ ಅವರು ಕೋಚಿನತ್ತ ಹೊರಳಿರುತ್ತಾರೆ. ತಂಡದ ಅಧಿಕಾರಿಗಳಿಗೂ ಕಾರ್ಡು ತೋರಿಸಬಹುದೆಂಬ ನಿಯಮ 2019ರಲ್ಲಷ್ಟೇ ಬಂತು, ಅದಿಲ್ಲದಿದ್ದರೆ ನಾವು ಗೆಲ್ಲುತ್ತಿದ್ದೆವು ಎಂಬುದು ಹೊಸ ವಾದ. ಕೋಚ್ ಗೆರೆಯಾಚೆ ನಿಲ್ಲುವವರು, ಅವರು ಹೋದರೂ ಒಳಗಿನ ಲೆಕ್ಕ ಹನ್ನೊಂದೇ ಇತ್ತು ಎಂಬ ಆಕ್ಷೇಪಕ್ಕೆ ಮೂರನೇ ಚಾ ತರಿಸಲಾಗುತ್ತದೆ.

ಅಥಣಿಯ ಪಂಥಕ್ಕೆ ಸ್ವಗೋಲೇ ಕೇಂದ್ರ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ 2019ರಲ್ಲಿ ಬೆಳಗಾವಿ ಜಿಲ್ಲೆಗೂ ಸೇರಿ ಎರಡು ರಾಜ್ಯಗಳಿಗೆ ಜಂಟಿಯಾಗಿ ದಕ್ಕಿತೆಂಬುದನ್ನು ಬಲ್ಲ ಈ ಪಂಡಿತರು ಹೇಳುವುದು: “ನಾವ ಹೊಲದ ಚಪ್ಪಲಿಗೆ ಕೊಲ್ಹಾಪುರದ ಹೆಸರ, ನಮ್ಮಾಂವ ಹೊಡದ ಗೋಲ ಕುವೈತ್ ಲೆಕ್ಕಕ್ಕ.”

ಕಾಗವಾಡದ್ದು ಶುದ್ಧ ಗಣಿತ ಪಂಥ. ಉಗಾರ ಕಾರ್ಖಾನೆಯ ಸೀಮೆಯ ಈ ಜನ ಕಬ್ಬಿನ ಕಾಟಾದ ಮುಂದೆ ನಿಂತು ಪಳಗಿದವರು. ಇವರ ಲೆಕ್ಕ ಹೀಗೆ: ಎರಡೂ ತಂಡಗಳಿಗೆ ತಲಾ 7 ಅಂಕ, ಗೋಲಿನ ಅಂತರವೂ ತಲಾ 6. ಆದರೆ ಕುವೈತ್ ಹೊಡೆದದ್ದು 8, ಭಾರತ 7. ಆದ್ದರಿಂದ ಗುಂಪಿನ ಅಗ್ರಸ್ಥಾನ ಕುವೈತಿಗೆ, ಸೆಮಿಫೈನಲ್ಲಿನ ಎದುರಾಳಿ ಬಾಂಗ್ಲಾದೇಶ; ನಮ್ಮ ಪಾಲಿಗೆ ಲೆಬನಾನ್, 120 ನಿಮಿಷದ 0–0, ಆಮೇಲೆ 4–2ರ ಪೆನಾಲ್ಟಿ. “ಒಂದು ಗೋಲಿನ ತೂಕ ಎಷ್ಟೈತಿ ನೋಡ್ರಿ” ಎಂದು ಇವರು ಕಾಗದ ಮಡಚುತ್ತಾರೆ.

4. ಸಿದ್ಧಾಂತ

ಈ ಸೀಮೆಯ ಜಾತ್ರೆಗಳ ಗೋಡೆಪತ್ರಗಳಲ್ಲಿ ‘ಭಾರಿ ಜಂಗಿ ನಿಕಾಲಿ ಕುಸ್ತಿಗಳು’ ಎಂದು ಅಚ್ಚಾಗಿರುತ್ತದೆ. ನಿಕಾಲಿ ಎಂದ ಮೇಲೆ ಒಬ್ಬ ಪೈಲ್ವಾನ ಚಿತ್ ಆಗಲೇಬೇಕು. ಇದನ್ನು ನೋಡಿ ಬೆಳೆದ ಕಣ್ಣಿಗೆ 1–1 ಎಂಬುದು ಅರ್ಧಕ್ಕೆ ಎದ್ದ ಪಂಕ್ತಿ. ನಿಕಾಲಿಯಾಗದ್ದಕ್ಕೆ ಒಬ್ಬ ಆರೋಪಿ ಬೇಕು, ಆರೋಪಿಗಳ ಪೈಕಿ ಎದ್ದು ಕಾಣುವ ಬಣ್ಣ ಕೆಂಪು. ಅನ್ವರ್ ಅಲಿಯನ್ನು ದೂರಲು ಯಾರಿಗೂ ಮನಸ್ಸಿಲ್ಲ: ಹುಡುಗ ಒಳ್ಳೆಯವ, ಕಾಲು ಚಾಚಿದ್ದು ತಡೆಯಲಿಕ್ಕೇ. ಕಾರ್ಡಾದರೆ ತಿರುಗಿ ಮಾತಾಡುವುದಿಲ್ಲ.

ಹಾಗೆಂದು ನಿಕಾಲಿಯಾಗದ ಪಂದ್ಯ ಇಲ್ಲಿ ಅಪರೂಪವೂ ಅಲ್ಲ. ಗಡಿ ವಿವಾದದ ಮಹಾಜನ್ ವರದಿ 1967ರಲ್ಲಿ ಬಂತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಗಡಿಯ ಆ ಪಂದ್ಯದ ಹೆಚ್ಚುವರಿ ಸಮಯ ಇನ್ನೂ ಓಡುತ್ತಿದೆ.

5. ಅನುಬಂಧ

ಜುಲೈ 4ರ ಫೈನಲ್ಲಿನಲ್ಲಿ ಮತ್ತೆ ಅದೇ ಕುವೈತ್, ಮತ್ತೆ ಅದೇ 1–1. ಸ್ಟಿಮಾಚ್‌ಗೆ ಎರಡು ಪಂದ್ಯಗಳ ನಿಷೇಧವಿದ್ದುದರಿಂದ ತಂಡ ನಡೆಸಿದ್ದು ಸಹಾಯಕ ಮಹೇಶ್ ಗವಳಿ. ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತ ತಡೆದರು. 5–4ರಿಂದ ಭಾರತಕ್ಕೆ ಒಂಬತ್ತನೇ ಸ್ಯಾಫ್ ಕಪ್ಪು. ಇದರಿಂದ ಜೂನ್ 27ರ ಚರ್ಚೆ ಮುಗಿಯಿತೆಂದು ಭಾವಿಸಿದ ಕಿರಿಯ ಸಂಶೋಧಕರೊಬ್ಬರಿಗೆ ನಿಪ್ಪಾಣಿ ಬೆಂಚು ಕೊಟ್ಟ ಉತ್ತರ ದಾಖಲಾಗಿದೆ:

“ಕಪ್ ಬ್ಯಾರೆ, ಆ ಮ್ಯಾಚ್ ಬ್ಯಾರೆ. ಈಗ ಹೇಳ, ಆ ಎರಡನೇ ಹಳದಿ ಕೊಡೂವಂಥಾದ್ದ ಇತ್ತೇನ?”