ಮೋಟುಳಿ ಪುರಾಣ

ನಮ್ಮ ಕಾಮಗೆರೆಯಲ್ಲಿ ಬೇಲಿ ದನ ತಡೆದದ್ದಕ್ಕಿಂತ ಮಾತು ದಾಟಿಸಿದ್ದೇ ಹೆಚ್ಚು. ಗೊಬ್ಬರದ ಗಿಡದ ಸಂದಿನಲ್ಲಿ ಆಚೆಯವರ ತಲೆ ಕಂಡರೆ ಸಾಕು. ಮಳೆ, ಮಾದಪ್ಪನ ಬೆಟ್ಟದ ಜಾತ್ರೆ, ರೇಷ್ಮೆಗೂಡಿನ ರೇಟು, ಬಾರದ ಕೊಳ್ಳೇಗಾಲದ ಬಸ್ಸು ಎಲ್ಲವೂ ಒಂದು ಸುತ್ತು ಬಂದೇ ಬರುತ್ತವೆ. ಈ ಪಟ್ಟಿಯಲ್ಲಿ ಉಳಿ ಇರಲಿಲ್ಲ. ನಾನು ನಿವೃತ್ತನಾದೆ ನೋಡಿ, ಅದೂ ಸೇರಿಕೊಂಡಿತು.

ನಿವೃತ್ತ ಮೇಷ್ಟ್ರುಗಳಿಗೆ ಒಂದು ಕಾಯಿಲೆಯುಂಟು. ಸೀಮೆಸುಣ್ಣ ಬಿಟ್ಟ ಕೈ ಸುಮ್ಮನೆ ಕೂರುವುದಿಲ್ಲ. ಕೆಲವರು ಜಾತಕ ನೋಡುತ್ತಾರೆ, ಕೆಲವರು ಹೋಮಿಯೋಪತಿ ಗುಳಿಗೆ ಹಂಚುತ್ತಾರೆ, ಇನ್ನು ಕೆಲವರು ವಂಶಾವಳಿ ಬರೆಯಲು ಕೂತು ನೆಂಟರ ಜೊತೆ ಜಗಳ ತಂದುಕೊಳ್ಳುತ್ತಾರೆ. ನನಗೆ ಹತ್ತಿದ್ದು ಮರಗೆಲಸ. ಮೊಮ್ಮಗಳಿಗೊಂದು ಮಣೆ, ಅಡುಗೆಮನೆಗೊಂದು ಗೂಡು, ಹಿತ್ತಿಲ ಬಾಗಿಲಿಗೆ ಹೊಸ ಹಿಂಜಸ್ಸು. ನನ್ನ ಮಹತ್ವಾಕಾಂಕ್ಷೆ ಇಷ್ಟೇ. ಇಷ್ಟಕ್ಕೆ ಉದ್ದುದ್ದದ ಉಳಿ ಯಾಕೆ, ಗಿಡ್ಡನೆಯ ಉಳಿಗಳ ಒಂದು ಸೆಟ್ಟು ತರಿಸಿದರಾಯಿತು ಅಂದುಕೊಂಡು, ಮಗ ಮೊಬೈಲಿಗೆ ಕಳಿಸಿದ ಚಿತ್ರವನ್ನು ಬೇಲಿಯ ಮೇಲಿಂದ ಚಾಚಿದೆ. ಆಚೆ ಕಡೆ ನಮ್ಮ ಆಚಾರ್ರು. ಹನೂರು, ಲೊಕ್ಕನಹಳ್ಳಿ, ಸಿಂಗನಲ್ಲೂರಿನ ಎಷ್ಟೋ ಮನೆಗಳ ಬಾಗಿಲು ಕೂರಿಸಿ ಈಗ ಮೊಣಕಾಲು ನೋವೆಂದು ಜಗಲಿ ಹಿಡಿದವರು.

“ಇದೇನ ಮೇಷ್ಟ್ರೇ, ಉಳಿಗಳಾ, ಉಳಿ ಮಕ್ಕಳಾ?” ಅಂದರು.

“ಮೋಟುಳಿ ಆಚಾರ್ರೇ. ಹಿಡಿಯೋಕೆ ಸಲೀಸು ಅಂತಾರೆ.”

“ಸಲೀಸೇನೋ ಸಲೀಸೇ. ಆದ್ರ ನಾನು ಮೋಟುಳಿನ ಕಾಸು ಕೊಟ್ಟು ತಕ್ಕಂಡವನೇ ಅಲ್ಲ. ನಮ್ಮಪ್ಪಾರೂ ತಕ್ಕಂಡವರಲ್ಲ. ಉದ್ದದ್ದ ಮಸೆದೂ ಮಸೆದೂ ಮೋಟಾಯ್ತದ. ಅದೇ ಮೋಟುಳಿ.”

ಆ ಒಂದು ಮಾತಿನಲ್ಲಿ ಬಡಗಿಯ ಲೆಕ್ಕವೆಲ್ಲ ಅಡಗಿದೆ. ಉಳಿಯ ಉದ್ದವೆಂದರೆ ಅದರ ಆಯಸ್ಸು. ಪ್ರತಿ ಸಲ ಸಾಣೆ ಹಿಡಿದಾಗಲೂ ಕೂದಲೆಳೆಯಷ್ಟು ಉಕ್ಕು ಸವೆಯುತ್ತದೆ. ದಿನಾ ಕೆಲಸ ಮಾಡುವ ಬಡಗಿಯ ಉಳಿ ವರ್ಷಗಳು ಕಳೆದಂತೆ ಇಂಚು ಇಂಚಾಗಿ ಗಿಡ್ಡವಾಗುತ್ತದೆ. ಆಗ ಅದನ್ನು ಎಸೆಯುವುದಿಲ್ಲ. ತೂತು ಹೊಡೆಯುವ ಭಾರದ ಕೆಲಸದಿಂದ ಬಿಡಿಸಿ, ಸಂದಿಯಲ್ಲಿ ಕೆತ್ತುವ, ಹಿಂಜಸ್ಸಿಗೆ ಜಾಗ ತೆಗೆಯುವ ನಾಜೂಕಿನ ಕೆಲಸಕ್ಕೆ ಹಾಕುತ್ತಾರೆ. ಅಂಗಡಿಯವರು ಹೊಸದಾಗಿಯೇ ಗಿಡ್ಡ ಮಾಡಿ ಮಾರುವುದೆಂದರೆ, ಬಡಗಿಯ ಕಣ್ಣಿಗೆ ಅರ್ಧ ಆಯಸ್ಸು ಕಳೆದ ಉಳಿಗೆ ಪೂರ್ತಿ ಕಾಸು ಕೇಳಿದಂತೆ.

ಆದರೆ ನಾವು ದಿನಾ ಉಳಿ ಹಿಡಿಯುವವರಲ್ಲವಲ್ಲ? ಹಬ್ಬಕ್ಕೊಮ್ಮೆ ಪೆಟ್ಟಿಗೆ ತೆರೆಯುವ ನಮ್ಮ ಕೈಯಲ್ಲಿ ಉದ್ದದ ಉಳಿ ಮೋಟಾಗಬೇಕಾದರೆ ಮೊಮ್ಮಕ್ಕಳ ಮದುವೆಯೂ ಆಗಿರುತ್ತದೆ. ಇಷ್ಟನ್ನು ಆಚಾರ್ರೂ ಒಪ್ಪಿದರು. “ಹಂಗಾರ ಮೋಟುಳಿ ತಕ್ಕಳಿ, ಬ್ಯಾಡ ಅನ್ನಲ್ಲ. ಯಾಕ ತಕ್ಕಂತೀವಿ ಅಂತ ತಿಳ್ಕಂಡು ತಕ್ಕಳಿ” ಅಂದರು.

ಯಾಕೆ ಅಂದರೆ ಹೀಗೆ. ಮಾಮೂಲು ಉಳಿ ಹಿಡಿ ಸೇರಿ 10–11 ಇಂಚು ಇರುತ್ತದೆ. ಮೋಟುಳಿ 7–8 ಇಂಚು, ಅದರಲ್ಲಿ ಉಕ್ಕಿನ ಅಲಗು ಸುಮಾರು 3 ಇಂಚು. ಹಿಡಿ ಹಿಡಿದ ಕೈಯೇ ಬಾಯಿಗೆ ಹತ್ತಿರ ಬರುವುದರಿಂದ ಉಳಿ ಅತ್ತಿತ್ತ ವಾಲುವುದು ಕಡಿಮೆ. ಬಾಗಿಲು ಚೌಕಟ್ಟಿನಲ್ಲೇ ನಿಂತಿರುವಾಗ, ಗೂಡಿನೊಳಗೆ ಕೈ ಹಾಕಿ ಕೆತ್ತುವಾಗ, ಕೊಡತಿ ಬೀಸಲು ಜಾಗವಿಲ್ಲದ ಮೂಲೆಯಲ್ಲಿ ಅಂಗೈಯಿಂದಲೇ ಒತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಆಳವಾದ ತೂತು ತೆಗೆಯುವ ಕೆಲಸಕ್ಕೆ ಮಾತ್ರ ಇದು ಒಗ್ಗುವುದಿಲ್ಲ. 3 ಇಂಚಿನ ಅಲಗನ್ನು 2 ಇಂಚು ಆಳಕ್ಕೆ ಇಳಿಸಿದರೆ ಮೀಟಲು ಏನೂ ಉಳಿಯುವುದಿಲ್ಲ. ಮಂಚದ ಕಾಲಿಗೆ ತೂತು ಹೊಡೆಯುವ ಆಸೆ ಇದ್ದವರು ದಪ್ಪನೆಯ, ಉದ್ದದ ಉಳಿಯನ್ನೇ ನೋಡಿಕೊಳ್ಳಬೇಕು.

ಆಚಾರ್ರು ಇನ್ನೊಂದು ಮಾತು ಸೇರಿಸಿದರು. ನಮ್ಮ ಕಡೆಯ ಹಳೇ ತೊಟ್ಟಿ ಮನೆಗಳ ಬಾಗಿಲಿಗೆ ಹಿಂಜಸ್ಸೇ ಇರಲಿಲ್ಲ. ಬಾಗಿಲಿನ ಮೂಲೆಯಲ್ಲಿ ಮೇಲೊಂದು ಕೆಳಗೊಂದು ಗೂಟ ಬಿಟ್ಟು, ಒಂದನ್ನು ಹೊಸ್ತಿಲ ಗುಳಿಯಲ್ಲಿ, ಇನ್ನೊಂದನ್ನು ಮೇಲಿನ ಗುಳಿಯಲ್ಲಿ ಕೂರಿಸುತ್ತಿದ್ದರು. ಬಾಗಿಲು ತನ್ನ ಗೂಟದ ಮೇಲೇ ತಿರುಗುತ್ತಿತ್ತು, ಕಿರ್ರೆಂದು ಬೀದಿಗೆಲ್ಲ ಕೇಳಿಸುತ್ತಲೂ ಇತ್ತು. ರಾತ್ರಿ ತಡವಾಗಿ ಬರುವ ಗಂಡುಮಕ್ಕಳಿಗೆ ಅದೇ ಪೊಲೀಸು. ತಗಡಿನ ಹಿಂಜಸ್ಸು ಬಂದ ಮೇಲೆ ಅದರ ರೆಕ್ಕೆ ಮರದೊಳಗೆ ಸಮವಾಗಿ ಕೂರಬೇಕು, ಹೆಚ್ಚು ಆಳವಾದರೆ ಬಾಗಿಲು ಎಳೆಯುತ್ತದೆ, ಕಡಿಮೆಯಾದರೆ ಸಂದು ಬಿಡುತ್ತದೆ. ಮೋಟುಳಿಯ ಸಂಸಾರ ಹೆಚ್ಚಾದದ್ದು ಆಗಲೇ.

ಈಗ ಸೆಟ್ಟಿನ ವಿಷಯ. ಅಂಗಡಿಯಲ್ಲಿ ನಾಲ್ಕರದು, ಆರರದು, ಚರ್ಮದ ಚೀಲದಲ್ಲಿ ಸುತ್ತಿದ ಹತ್ತರದು, ಎಲ್ಲ ಇರುತ್ತವೆ. ಎಲ್ಲದರ ಮೇಲೂ ಮಿಲಿಮೀಟರು. ನಮ್ಮ ಆಚಾರ್ರಿಗೆ ಮಿಲಿಮೀಟರು ಇಂದಿಗೂ ಪರದೇಶಿ. ಅವರದು ನೂಲಿನ ಲೆಕ್ಕ: ಒಂದು ಇಂಚಿಗೆ ಎಂಟು ನೂಲು. ಕಾಲಿಂಚು ಎರಡು ನೂಲು, ಅರ್ಧ ಇಂಚು ನಾಲ್ಕು ನೂಲು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಬದಲಾಯಿತು, ಜಿಲ್ಲೆ ಮೈಸೂರಾಯಿತು, 1997ರಲ್ಲಿ ಚಾಮರಾಜನಗರವೂ ಆಯಿತು, ನೂಲು ಮಾತ್ರ ಕದಲಲಿಲ್ಲ. ಗಡಿಯಾಚೆಯ ತಮಿಳು ಬಡಗಿಗೂ ಇದೇ ನೂಲು. ಅದಕ್ಕೇ ಕೊಳ್ಳುವಾಗ ಒಂದು ಎಚ್ಚರ ಬೇಕು: ಪೆಟ್ಟಿಗೆಯ ಮೇಲೆ 12 ಮಿಲಿಮೀಟರು ಅಂತ ಇದ್ದರೆ ಅದು ಅರ್ಧ ಇಂಚಲ್ಲ. ಅರ್ಧ ಇಂಚು ಅಂದರೆ 12.7. ಇಂಚಿನ ಟೇಪಿನಲ್ಲಿ ಗುರುತು ಹಾಕಿ ಮಿಲಿಮೀಟರಿನ ಉಳಿಯಲ್ಲಿ ಕೆತ್ತಿದರೆ ಹೆಚ್ಚೂಕಡಿಮೆ ಕಾಲು ನೂಲಿನಷ್ಟು ಮರ ಹಾಗೇ ಉಳಿದು, ಕೂಡಬೇಕಾದ್ದು ಕೂಡುವುದಿಲ್ಲ.

“ಆರು ಉಳಿ ತಕ್ಕಂಡ್ರ ಮೂರು ಕೆಲ್ಸ ಮಾಡ್ತವ, ಮೂರು ತುಕ್ಕು ಹಿಡೀತವ. ಎರಡು ನೂಲು, ನಾಲ್ಕು ನೂಲು, ಎಂಟು ನೂಲು. ಮನೆ ಕೆಲ್ಸಕ್ಕ ಇನ್ನೇನ ಬೇಕು?” ಇದು ಆಚಾರ್ರ ತೀರ್ಪು. ಮಿಲಿಮೀಟರಿನಲ್ಲಿ 6, 12, 25 ಅಂದುಕೊಳ್ಳಿ. ಮೂರನ್ನು ಬಿಡಿಬಿಡಿಯಾಗಿ ಕೊಳ್ಳುವ ಕಾಸಿಗೆ ನಾಲ್ಕರ ಸೆಟ್ಟೇ ಸಿಕ್ಕಿದರೆ ತಗೊಳ್ಳಬಹುದು. ಹತ್ತರ ಸೆಟ್ಟಿನ ಚರ್ಮದ ಚೀಲಕ್ಕೆ ಮರುಳಾಗಬಾರದು, ಚೀಲ ಮರ ಕೆತ್ತುವುದಿಲ್ಲ.

ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದು ಮೊದಲು ಬೆನ್ನು. ಉಳಿಯ ಚಪ್ಪಟೆ ಬದಿ ನಿಜವಾಗಿ ಚಪ್ಪಟೆಯಾಗಿದೆಯೇ? ಗಾಜಿನ ಮೇಲೆ ಮಲಗಿಸಿ ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಬಾಯಿಯ ಹತ್ತಿರ ಬೆನ್ನು ಉಬ್ಬಿದ್ದರೆ ಆ ಉಳಿ ಎಷ್ಟು ಮಸೆದರೂ ನೆಟ್ಟಗೆ ಕೆತ್ತುವುದಿಲ್ಲ. ಆಮೇಲೆ ಪಕ್ಕದ ಅಂಚು. ಎರಡು ಪಕ್ಕವನ್ನೂ ಇಳಿಜಾರಾಗಿ ತೆಳ್ಳಗೆ ಮಾಡಿದ್ದರೆ ಮೂಲೆಯೊಳಗೆ ಇಳಿಯುತ್ತದೆ. ದಪ್ಪವಾಗಿ ಬಿಟ್ಟಿದ್ದರೆ ಅದು ತೂತು ಹೊಡೆಯುವುದಕ್ಕೆ, ಸಂದಿ ಕೆಲಸಕ್ಕಲ್ಲ. ಕೊನೆಗೆ ಹಿಡಿ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಹಿಡಿಯೂ ಅಲಗೂ ಒಂದೇ ನೇರಕ್ಕಿರಬೇಕು. ಪ್ಲಾಸ್ಟಿಕ್ ಹಿಡಿ ಸುತ್ತಿಗೆ ಏಟನ್ನೂ ತಡೆಯುತ್ತದೆ. ಮರದ ಹಿಡಿಯಾದರೆ ತಲೆಗೊಂದು ಕಬ್ಬಿಣದ ಬಳೆ ಇರಲಿ, ಇಲ್ಲದಿದ್ದರೆ ಕೆಲವು ತಿಂಗಳಲ್ಲೇ ಸೀಳುತ್ತದೆ. ನಮ್ಮ ಕಡೆ ಹಿಡಿಗೆ ಕರಿಜಾಲಿ, ಕೊಡತಿಗೆ ಹುಣಸೆ. ಎರಡೂ ಏಟು ತಿಂದು ಬೆಳೆದ ಮರಗಳು, ಹಳ್ಳಿಯ ಮಕ್ಕಳು ಕಲ್ಲು ಹೊಡೆಯದ ಹುಣಸೆಮರ ಎಲ್ಲಿದೆ ಹೇಳಿ.

ಉಕ್ಕಿನ ಬಗ್ಗೆ ಅಂಗಡಿಯವರು ಕ್ರೋಮ್ ವನಾಡಿಯಂ ಅನ್ನುತ್ತಾರೆ, ಹೈ ಕಾರ್ಬನ್ ಅನ್ನುತ್ತಾರೆ. ರಾಕ್‌ವೆಲ್ ಮಾಪನದಲ್ಲಿ 58ರಿಂದ 62ರ ಒಳಗೆ ಗಡಸುತನ ಇದ್ದರೆ ಮರಗೆಲಸಕ್ಕೆ ಒಳ್ಳೆಯದು. ಮೆತ್ತಗಿದ್ದರೆ ಬಾಯಿ ಮಡಚುತ್ತದೆ, ಗಡಸು ಹೆಚ್ಚಿದರೆ ಚೂರು ಹಾರುತ್ತದೆ. ಆಚಾರ್ರ ಪೆಟ್ಟಿಗೆಯಲ್ಲಿ ಲಾರಿಯ ಬ್ಲೇಡ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ ಬಡಿಸಿದ ಉಳಿಯೂ ಒಂದಿದೆ. ಆ ಪಟ್ಟಿಯ ಉಕ್ಕು ಲಾರಿಯ ಭಾರಕ್ಕೇ ಬಗ್ಗಿ ಮತ್ತೆ ನೆಟ್ಟಗಾಗುವಂಥದ್ದು, ಕಮ್ಮಾರ ಸರಿಯಾಗಿ ಹದ ಕೊಟ್ಟರೆ ಒಳ್ಳೆಯ ಉಳಿಯಾಗುತ್ತದೆ.

ಈ ಹದದ ವಿದ್ಯೆ ನಮಗೆ ಹೊಸದೇನೂ ಅಲ್ಲ. 1800ರಲ್ಲಿ ಇಂಗ್ಲಿಷ್ ಕಂಪನಿಗಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ಹನೂರು, ಕೌದಳ್ಳಿ ದಾರಿಯಲ್ಲೇ ಕಾವೇರಿಪುರದ ಘಟ್ಟ ಇಳಿದವನು. ಮೈಸೂರು ಸೀಮೆಯವರು ಮೂಸೆಯಲ್ಲಿಟ್ಟು ಕಾಸಿ ತೆಗೆಯುತ್ತಿದ್ದ ಉಕ್ಕಿನಿಂದ ಕಲ್ಲುಕುಟಿಗರ ಉಳಿ ಆಗುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಅತ್ತ ಜಪಾನಿನ ಬಡಗಿಗಳ ಮಾಮೂಲು ಉಳಿ, ಓಇರೆ ನೋಮಿ, ಹಿಡಿ ಸೇರಿ ಸುಮಾರು 9 ಇಂಚು. ಮೆತ್ತನೆಯ ಕಬ್ಬಿಣಕ್ಕೆ ಗಡಸು ಉಕ್ಕಿನ ತೆಳು ಪದರವನ್ನು ಕುಲುಮೆಯಲ್ಲೇ ಬೆಸೆದಿರುತ್ತಾರೆ, ಬೆನ್ನಿನಲ್ಲಿ ಸಣ್ಣ ಗುಳಿ ತೆಗೆದಿರುತ್ತಾರೆ. ಬೆನ್ನು ಪೂರ್ತಿ ಉಜ್ಜುವ ಬದಲು ಅಂಚಷ್ಟೇ ಉಜ್ಜಿದರಾಯಿತು. ಇದನ್ನು ಹೇಳಿದಾಗ ಆಚಾರ್ರು ಬೇಲಿಗೆ ಇನ್ನಷ್ಟು ಒರಗಿದರು. “ನಮ್ ಕಮ್ಮಾರ್ರೂ ಕೊಡಲಿಗ ಹಿಂಗೇ ಕಬ್ಬಿಣಕ್ಕ ಎಕ್ಕು ಹಾಕೋರು. ಬೆನ್ನಿಗ ಗುಳಿ ತೆಗೆಯೋ ಬುದ್ಧಿ ಮಾತ್ರ ಹೊಳೀಲಿಲ್ಲ ನೋಡಿ” ಅಂದರು.

ಎಂಥ ಉಕ್ಕಾದರೂ ಮಸೆಯದಿದ್ದರೆ ದಂಡ. ಅಂಗಡಿಯಿಂದ ಬಂದ ಉಳಿ ಹರಿತವಾಗಿರುತ್ತದೆ ಎಂಬ ನಂಬಿಕೆ ಬಿಡಬೇಕು, ಅದು ಮಸೆಯಲು ಸಿದ್ಧವಾಗಿರುತ್ತದೆ, ಅಷ್ಟೇ. ಇಳಿಜಾರನ್ನು 25 ಡಿಗ್ರಿಗೆ ತೆಗೆದು, ತುದಿಯನ್ನು 30 ಡಿಗ್ರಿಗೆ ಮಸೆಯುವುದು ವಾಡಿಕೆ. ಕೋನಮಾಪಕ ಹುಡುಕುವುದು ಬೇಡ. ಇಳಿಜಾರಿನ ಉದ್ದ ಅಲಗಿನ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ ಅದೇ 30 ಡಿಗ್ರಿ. ಎರಡೂವರೆಗೆ ತುಸು ಕಡಿಮೆ ಇದ್ದರೆ 25. ಶಾಲೆಯಲ್ಲಿ ನಾನು ಸೈನ್, ಕೊಸೈನ್ ಹೇಳಿಕೊಡುವಾಗ “ಇದ್ರಿಂದ ಏನ್ ಉಪಯೋಗ ಸಾ?” ಅಂತ ಕೇಳುತ್ತಿದ್ದ ಹುಡುಗರಿಗೆ ಈ ಉತ್ತರ ತಡವಾಗಿ ಸಿಕ್ಕಿತು. ಆಚಾರ್ರಿಗೆ ಯಾವ ಸೈನೂ ಬೇಕಾಗಿಲ್ಲ, ಅವರ ಹೆಬ್ಬೆರಳಿಗೇ ಗೊತ್ತು.

ಎರಡು ಮುಖದ ಕಾರ್ಬೊರಂಡಂ ಕಲ್ಲು ಒಂದಿದ್ದರೆ ಸಾಕು. ಮೊದಲು ಒರಟು ಮುಖ, ಆಮೇಲೆ ನಯ ಮುಖ, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ನಾಲ್ಕೆಳೆತ. ಕರೆಂಟಿನ ಚಕ್ರಕ್ಕೆ ಹಿಡಿಯುವವರು ಪಕ್ಕದಲ್ಲಿ ನೀರಿಟ್ಟುಕೊಂಡು ಅದ್ದುತ್ತಾ ಇರಬೇಕು. ಬಾಯಿ ಒಮ್ಮೆ ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಮೋಟುಳಿಯಲ್ಲಿ ಇರುವುದೇ 3 ಇಂಚು, ನೀಲಿಯಾದ ತುದಿಯನ್ನು ಸವೆಸಿ ಒಗೆಯುವಷ್ಟು ಶ್ರೀಮಂತಿಕೆ ಅದಕ್ಕಿಲ್ಲ.

ಯಾವ ಮರದ ಮೇಲೆ ಕೈ ಪಳಗಿಸುವುದು? ಹಲಸು ಮೃದು, ಬಣ್ಣವೂ ಚೆಂದ, ಕಲಿಯುವವರಿಗೆ ಸರಿ. ಬೇವು ಸುಲಭವಾಗಿ ಸಿಗುತ್ತದೆ, ಎಳೆ ಮಾತ್ರ ಅಡ್ಡಾದಿಡ್ಡಿ. ತೇಗ ಚೆನ್ನಾಗಿ ಕೆತ್ತಿಸಿಕೊಳ್ಳುತ್ತದೆ, ಆದರೆ ಅದರೊಳಗೆ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಶ್ರೀಗಂಧದ ಮಾತು ಎತ್ತಿದರೆ ಆಚಾರ್ರು ಬೇಲಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಗಂಧದ ಕಳ್ಳರ ಹಾವಳಿ ಕಂಡ ಕಾಡು ನಮ್ಮದು, ಆ ಹೆದರಿಕೆ ಇನ್ನೂ ಮಾಸಿಲ್ಲ. ಸ್ವಂತ ಹಿತ್ತಿಲಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕಾನೂನು ತಿದ್ದಿದ ಮೇಲೆ ಜಮೀನಿನವನದಾಯಿತು. ಆದರೂ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೇ ಬೇಕು. ಕಾಗದಕ್ಕೆ ಓಡಾಡುವಷ್ಟರಲ್ಲಿ ಹಲಸಿನ ಮಣೆ ಹತ್ತಾಗಿರುತ್ತದೆ.

ಉಳಿ ಕೈಗೆ ಬಂದ ಮೇಲೆ ಒಂದೇ ನಿಯಮ: ಎರಡು ಕೈಯೂ ಬಾಯಿಯ ಹಿಂದಿರಬೇಕು. ಮರವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಒತ್ತುವ ಶೋಕಿ ಬೇಡ, ಮರಕ್ಕೆ ಪಟ್ಟು ಹಾಕಿ ಬಿಗಿಯಿರಿ. ಮೋಟುಳಿಯಲ್ಲಿ ಬೆರಳು ಬಾಯಿಗೆ ಹತ್ತಿರ ಇರುವುದರಿಂದ ಇದು ಇನ್ನೂ ಮುಖ್ಯ. ನಮ್ಮೂರಲ್ಲಿ ಹೋಲಿ ಕ್ರಾಸ್ ಆಸ್ಪತ್ರೆ ಹತ್ತಿರದಲ್ಲೇ ಇದೆಯೆಂದು ಧೈರ್ಯ ಮಾಡುವುದಕ್ಕೆ ಇದು ವಿಷಯವಲ್ಲ.

ಹಾಗಾಗಿ ಮರಗೆಲಸದ ಹುಚ್ಚು ಹತ್ತಿದ ನನ್ನಂಥವರಲ್ಲಿ ಒಂದು ಮಾತು. ಹಿಂಜಸ್ಸು, ಗೂಡು, ಪೆಟ್ಟಿಗೆಯಷ್ಟೇ ನಿಮ್ಮ ಕೆಲಸವಾದರೆ ಮೋಟುಳಿ ಕೊಳ್ಳಿ, ಮೂರಕ್ಕಿಂತ ಹೆಚ್ಚು ಬೇಡ. ಮುಂದೆ ದೊಡ್ಡ ಕೆಲಸಕ್ಕೂ ಕೈ ಹಾಕುವ ಮನಸ್ಸಿದ್ದರೆ ಉದ್ದದ್ದನ್ನೇ ಕೊಂಡು ಮಸೆಯುತ್ತಾ ಹೋಗಿ, ಮೋಟುಳಿ ತಾನಾಗಿ ಆಗುತ್ತದೆ. ಎರಡರಲ್ಲಿ ಯಾವುದನ್ನೇ ತಂದರೂ ಅದೇ ದಿನ ಒಂದು ಸಾಣೆಕಲ್ಲನ್ನೂ ತನ್ನಿ. ಕಲ್ಲಿಗೆ ಕಾಸು ಸಾಲದಿದ್ದರೆ ಒಂದು ಉಳಿ ಕಡಿಮೆ ಕೊಳ್ಳಿ.